ಅಚ್ಚಾಗದ ಕವಿತೆಗೊಂದು ಪ್ರಶಸ್ತಿ

ಕೇಳುಗರಿಗೆ ನಮಸ್ಕಾರ.

'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ.' ಮುದ್ದಣನ 'ಶ್ರೀರಾಮಾಶ್ವಮೇಧ'ದಲ್ಲಿ ಮನೋರಮೆ ಗಂಡನಿಗೆ ಕೊಡುವ ಈ ತೀರ್ಪು ಶಾಲೆಯಲ್ಲಿ ಕನ್ನಡ ಓದಿದ ಬಹಳ ಮಂದಿಗೆ ಬಾಯಿಪಾಠ. ಕಥೆ ಹೇಳುವುದಾದರೆ ಗದ್ಯದಲ್ಲೇ ಹೇಳು ಎಂದು ಹಟ ಹಿಡಿದವಳು ಅವಳು. ಅವಳನ್ನು ಸೃಷ್ಟಿಸಿದ ಕವಿಯ ಹೆಸರಿನಲ್ಲೇ ಕರಾವಳಿಯ ಒಂದು ಹಳ್ಳಿ ಹಲವು ದಶಕಗಳಿಂದ ಪದ್ಯಕ್ಕೆ ಬಹುಮಾನ ಕೊಡುತ್ತಿದೆ. ಮನೋರಮೆ ಕೇಳಿದ್ದರೆ ಏನೆನ್ನುತ್ತಿದ್ದಳೋ!

ಆ ಹಳ್ಳಿ ಕಾರ್ಕಳ ಸೀಮೆಯ ಕಾಂತಾವರ. ವೈದ್ಯರೂ ಸಾಹಿತಿಗಳೂ ಆದ ನಾ. ಮೊಗಸಾಲೆಯವರು 1976ರಲ್ಲಿ ಅಲ್ಲಿ ಕನ್ನಡ ಸಂಘವನ್ನು ಕಟ್ಟಿದರು. ನಾಡಿಗೆ ದುಡಿದವರನ್ನು ಕಿರುಹೊತ್ತಗೆಗಳಲ್ಲಿ ಪರಿಚಯಿಸುವ 'ನಾಡಿಗೆ ನಮಸ್ಕಾರ' ಮಾಲೆಯೂ ಅದೇ ಸಂಘದ್ದು. ಸಂಘ ಕೊಡುವ ಮುದ್ದಣ ಕಾವ್ಯ ಪ್ರಶಸ್ತಿಯ ವಿಶೇಷವೆಂದರೆ, ಅದು ಅಚ್ಚಾದ ಪುಸ್ತಕಕ್ಕಲ್ಲ, ಹಸ್ತಪ್ರತಿಗೆ. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರ ಕೊಡುವ ಕಡೆಂಗೋಡ್ಲು ಕಾವ್ಯ ಪ್ರಶಸ್ತಿಯೂ ಹೀಗೆಯೇ. ಗದಗದ ಕಡೆ ವಿಭಾ ಸಾಹಿತ್ಯ ಪ್ರಶಸ್ತಿಯಿದೆ. ಅಲ್ಲಿ ಗೆದ್ದ ಹಸ್ತಪ್ರತಿಯನ್ನು ಲಡಾಯಿ ಪ್ರಕಾಶನ ಪುಸ್ತಕವಾಗಿಯೂ ತರುತ್ತದೆ.

ಪುಸ್ತಕಕ್ಕೆ ಕೊಡುವ ಬಹುಮಾನಕ್ಕೂ ಹಸ್ತಪ್ರತಿಗೆ ಕೊಡುವ ಬಹುಮಾನಕ್ಕೂ ಅಂಥ ವ್ಯತ್ಯಾಸವೇನು? ಬಹಳ ಇದೆ. ಕವನ ಸಂಕಲನ ಎಂದೊಡನೆ ಹಿಂಜರಿಯುವ ಪ್ರಕಾಶಕರೇ ಹೆಚ್ಚು. ಕಾದಂಬರಿಯಾದರೆ ನೋಡೋಣ ಎನ್ನುತ್ತಾರೆ. ಹೊಸ ಕವಿ ಕೈಯಿಂದ ದುಡ್ಡು ಹಾಕಿ ಅಚ್ಚು ಹಾಕಿಸುತ್ತಾನೆ, ಅರ್ಧದಷ್ಟನ್ನು ನೆಂಟರಿಗೂ ಗೆಳೆಯರಿಗೂ ಹಂಚುತ್ತಾನೆ, ಉಳಿದದ್ದು ಅಟ್ಟ ಸೇರುತ್ತದೆ. ಅಚ್ಚಾದ ಪುಸ್ತಕಗಳನ್ನಷ್ಟೇ ಕರೆಯುವ ಸ್ಪರ್ಧೆ ಈ ಖರ್ಚು ತಾಳಬಲ್ಲವರ ನಡುವೆ ಮಾತ್ರ ನಡೆಯುತ್ತದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನ ಈ ಭಾರವನ್ನು ಸ್ವಲ್ಪ ಇಳಿಸಿದೆ, ನಿಜ. ಆದರೂ ಹಸ್ತಪ್ರತಿ ಸ್ಪರ್ಧೆಗೆ ಬೇಕಾದದ್ದು ಒಂದು ಕಟ್ಟು ಕಾಗದ ಮತ್ತು ಅಂಚೆ ವೆಚ್ಚ, ಅಷ್ಟೇ.

ಮುದ್ದಣನ ಹೆಸರು ಇಂಥ ಪ್ರಶಸ್ತಿಗೆ ಒಪ್ಪುವುದಕ್ಕೆ ಇನ್ನೊಂದು ಕಾರಣವಿದೆ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕ. ತಾನು ಬರೆದದ್ದನ್ನು ಯಾವುದೋ ಹಳೆಯ ಕವಿಯ ಕೃತಿಯೆಂಬಂತೆ ಮೈಸೂರಿಗೆ ಕಳುಹಿಸಿದ. ಹಳೆಯ ಕಾವ್ಯಗಳನ್ನು ಪ್ರಕಟಿಸುತ್ತಿದ್ದ ಪತ್ರಿಕೆ ಅದನ್ನು ನಂಬಿ ಅಚ್ಚು ಹಾಕಿತು. 1901ರಲ್ಲಿ, 31ರ ವಯಸ್ಸಿಗೇ, ಕ್ಷಯದಿಂದ ತೀರಿಕೊಂಡ. ಮುದ್ದಣನೆಂದರೆ ಈ ಡ್ರಿಲ್ ಮೇಷ್ಟ್ರೇ ಎಂದು ವಿದ್ವಾಂಸರು ಖಚಿತಪಡಿಸುವ ಹೊತ್ತಿಗೆ ವರ್ಷಗಳೇ ಉರುಳಿದ್ದವು. ಹೊಸಬನ ಹೆಸರು ಕಂಡರೆ ಯಾರೂ ಓದಲಾರರು ಎಂಬ ಅಳುಕು ಅವನಿಗಿತ್ತೇನೋ. ಆ ಅಳುಕು ಇಂದಿನ ಕವಿಗೂ ಇದೆ. ಎಷ್ಟೋ ಸ್ಪರ್ಧೆಗಳಲ್ಲಿ ಹೆಸರು, ವಿಳಾಸವನ್ನು ಬೇರೆ ಹಾಳೆಯಲ್ಲಿ ಬರೆಯಬೇಕೆಂಬ ನಿಯಮ ಇರುವುದು ಇದಕ್ಕೇ. ಆದರೆ ಕನ್ನಡ ಕಾವ್ಯದ ಊರು ಸಣ್ಣದು. ದೀಪಾವಳಿ ವಿಶೇಷಾಂಕದಲ್ಲೋ ಫೇಸ್‌ಬುಕ್ಕಿನಲ್ಲೋ ಒಮ್ಮೆ ಕಂಡ ಸಾಲನ್ನು ತೀರ್ಪುಗಾರರು ಗುರುತಿಸದೇ ಇರುತ್ತಾರೆಯೇ?

ದೂರುಗಳೂ ಇಲ್ಲದಿಲ್ಲ. ಒಂದೇ ಕಟ್ಟು ಮೂರು ಸ್ಪರ್ಧೆಗಳಿಗೆ ಹೋಗಿರುತ್ತದೆ. ಪ್ರಶಸ್ತಿಗೆಂದೇ ಹೊಲಿದಂತಿರುವ ಕವಿತೆಗಳು ಹೆಚ್ಚುತ್ತಿವೆ. ಇವೆಲ್ಲ ಸಣ್ಣ ವಿಷಯ. ನನ್ನ ತಕರಾರು ಬೇರೆ. ಹಸ್ತಪ್ರತಿ ಸ್ಪರ್ಧೆಯಲ್ಲಿ ನಿಜವಾಗಿ ದೊಡ್ಡದು ಹಣವಲ್ಲ, ಕಾವ್ಯ ಬಲ್ಲ ಇಬ್ಬರು ಮೂವರು ಒಬ್ಬ ಅಪರಿಚಿತನ ಅಷ್ಟೂ ಕವಿತೆಗಳನ್ನು ಕೂತು ಓದುತ್ತಾರಲ್ಲ, ಅದು. ಗೆದ್ದವರಿಗೆ ಆ ಓದಿನ ಫಲ ತೀರ್ಪುಗಾರರ ಮಾತಾಗಿ ಸಿಗುತ್ತದೆ. ಸೋತವರಿಗೆ? ಎಷ್ಟೋ ಕಡೆ ಏನೂ ಇಲ್ಲ; ಫಲಿತಾಂಶವೂ ಪತ್ರಿಕೆ ನೋಡಿಯೇ ತಿಳಿಯಬೇಕು. ಈ ಕವಿತೆ ನಿಂತಿದೆ, ಆ ಕವಿತೆಯಲ್ಲಿ ಕೊನೆಯ ಚರಣ ಬೇಡವಾಗಿತ್ತು ಎಂದು ನಾಲ್ಕು ಸಾಲು ಬರೆದು ಕಳುಹಿಸಿದರೆ, ಅದಕ್ಕಿಂತ ದೊಡ್ಡ ಬಹುಮಾನ ಹೊಸಬರಿಗೆ ಇನ್ನೊಂದಿಲ್ಲ. ತೀರ್ಪುಗಾರರಿಗೆ ಹೊರೆಯಾಗುತ್ತದೆ, ಒಪ್ಪುತ್ತೇನೆ. ಅಂತಿಮ ಸುತ್ತಿಗೆ ಬಂದ ಹತ್ತು ಮಂದಿಗಾದರೂ ಬರೆಯಬಹುದಲ್ಲ?

ನಿಮ್ಮಲ್ಲಿ ಯಾರಾದರೂ ಕವಿತೆಗಳನ್ನು ಬರೆದು ಮುಚ್ಚಿಟ್ಟಿದ್ದರೆ ಪತ್ರಿಕೆಗಳಲ್ಲಿ ಬರುವ ಹಸ್ತಪ್ರತಿ ಆಹ್ವಾನಗಳ ಮೇಲೆ ಕಣ್ಣಿಡಿ. ಕಳುಹಿಸುವ ಮುನ್ನ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ. ಕಳುಹಿಸಿದ ಕಟ್ಟು ಸಾಮಾನ್ಯವಾಗಿ ಮರಳಿ ಬರುವುದಿಲ್ಲ.

ನಮಸ್ಕಾರ.