ಬೇಡುವವನು, ಹೊತ್ತವನು, ಮಿಂದವನು

ಎಲ್ಲರಿಗೂ ನಮಸ್ಕಾರ. ಊಟಕ್ಕೆ ಮುಂಚೆ ಮುಗಿಸಿ ಅಂದಿದ್ದಾರೆ, ಹಾಗಾಗಿ ಪೀಠಿಕೆ ಬೇಡ.

ನಮ್ಮ ಮನೆಗಳಿಗೆ ಬರುವ ಲಗ್ನಪತ್ರಿಕೆ ನೋಡಿ. ಹುಡುಗನ ಹೆಸರಿನ ಪಕ್ಕ ಬಿ.ಇ., ಹುಡುಗಿಯ ಹೆಸರಿನ ಪಕ್ಕ ಎಂ.ಎಸ್ಸಿ., ಬಿ.ಎಡ್. ಚಿಕ್ಕಪ್ಪನ ಹೆಸರು ಬಿಟ್ಟುಹೋದರೂ ಡಿಗ್ರಿ ಬಿಟ್ಟುಹೋಗೋದಿಲ್ಲ. ಓದು ಎಲ್ಲಿಯವರೆಗೆ ಬಂತು ಅನ್ನೋದರ ಮೇಲೆ ಜನರನ್ನು ಕರೆಯೋದು ನಮಗೆ ಅಷ್ಟು ರೂಢಿ. ಆ ಹೆಸರುಗಳನ್ನೇ ಇವತ್ತು ಸ್ವಲ್ಪ ಕೆದಕೋಣ.

ಮೊದಲು 'ವಿದ್ಯಾರ್ಥಿ'. ಅರ್ಥಿ ಅಂದರೆ ಬೇಡುವವನು. ವಿದ್ಯೆ ಬೇಡುವವನು ವಿದ್ಯಾರ್ಥಿ. ಸುಮ್ನೆ ಅಲಂಕಾರಕ್ಕೆ ಇಟ್ಟ ಹೆಸರಲ್ಲ ಇದು. ವಿದ್ಯೆಗಿಂತ ಮೊದಲು ಅನ್ನವನ್ನೇ ಬೇಡಬೇಕಿತ್ತು. 'ವಾರಾನ್ನದ ಹುಡುಗ' ಅನ್ನೋ ಮಾತನ್ನು ಹಿರಿಯರಿಂದ ಕೇಳಿರುತ್ತೀರಿ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಊಟ ಸಿಗದ ದಿನ ನೀರು ಕುಡಿದು ಓದೋದು. ಆ ಮನೆಗಳ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ತೆರೆಯುತ್ತಿರಲಿಲ್ಲ, ಅದನ್ನೂ ಹೇಳಲೇಬೇಕು. ಮಠಗಳ ಪ್ರಸಾದ ನಿಲಯ, ಸಮುದಾಯಗಳ ಹಾಸ್ಟೆಲ್ ಬಂದ ಮೇಲೆ ಉಳಿದವರಿಗೂ ತಟ್ಟೆ ಸಿಕ್ಕಿತು. ಆಗ 'ಬೋರ್ಡಿಂಗ್ ಹುಡುಗರು' ಅನ್ನೋ ಹೊಸ ಹೆಸರು ಹುಟ್ಟಿತು.

ಕನ್ನಡನಾಡಿನ ಬಹಳ ಹಳೆಯ ವಿದ್ಯಾರ್ಥಿಯೊಬ್ಬ ತಾಳಗುಂದದ ಶಾಸನದಲ್ಲಿದ್ದಾನೆ. ಮಯೂರಶರ್ಮ, ಗುರು ವೀರಶರ್ಮನ ಜೊತೆ ಕಂಚಿಯ ಘಟಿಕೆಗೆ, ಅಂದರೆ ಆ ಕಾಲದ ವಿದ್ಯಾಕೇಂದ್ರಕ್ಕೆ, ಓದಲು ಹೋದವನು. ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳವಾಯಿತು. ಓದು ನಿಂತಿತು, ಕದಂಬ ರಾಜ್ಯ ಶುರುವಾಯಿತು! ಅಂಥ ಘಟಿಕೆಗಳ ನೆನಪು ನಮ್ಮ 'ಘಟಿಕೋತ್ಸವ' ಅನ್ನೋ ಪದದಲ್ಲಿ ಇವತ್ತಿಗೂ ಉಳಿದಿದೆ. ಘಟಿಕೋತ್ಸವದ ಮುಖ ನೋಡದೇ ಬಂದವನ ಕಥೆಯನ್ನು ಪ್ರತಿ ಘಟಿಕೋತ್ಸವದಲ್ಲೂ ಹೇಳಬೇಕು ಅಂತ ನನಗನಿಸುತ್ತದೆ.

ಇನ್ನು ಶಾಲೆಯ ಮೆಟ್ಟಿಲುಗಳು. ಮೈಸೂರಿನ ಮಗು ಒಂದನೇ ಕ್ಲಾಸಿನಲ್ಲಿದ್ದರೆ ವಿಜಯಪುರದ ಕಡೆಯ ಮಗು 'ಒಂದನೇತ್ತ'. ಅದು 'ಇಯತ್ತೆ', ಮರಾಠಿಯಿಂದ ಬಂದದ್ದು. ಮಹಾರಾಷ್ಟ್ರದ ಕನ್ನಡ ಶಾಲೆಗಳಲ್ಲಿ ಈಗಲೂ ಅದೇ ಮಾತು. ಮುಂಬಯಿ ಕರ್ನಾಟಕದಲ್ಲಿ ಹಿಂದೆ ಏಳನೆಯದು ಮುಗಿಸಿದವರು 'ಮುಲ್ಕಿ ಪಾಸಾದವರು'. ಅಷ್ಟಾದರೆ ಸಾಲಿ ಮಾಸ್ತರಿಕೆ ಸಿಗುತ್ತಿತ್ತು. 1956ಕ್ಕೆ ಮುಂಚೆ ನಾವು ಬೇರೆ ಬೇರೆ ಆಡಳಿತಗಳಲ್ಲಿ ಹಂಚಿಹೋಗಿದ್ದೆವು. ಹಾಗಾಗಿ ಒಬ್ಬ ಅಜ್ಜ 'ನಾನು ಮುಲ್ಕಿ' ಅಂದ ಕೂಡಲೇ ಅವರ ವಯಸ್ಸು, ಸೀಮೆ ಎರಡೂ ತಿಳಿದುಬಿಡುತ್ತಿತ್ತು.

ಪಿಯುಸಿ ವಿಷಯ ಇನ್ನೂ ತಮಾಷೆ. ಹದಿನಾರರ ಹುಡುಗ ನಮ್ಮಲ್ಲಿ 'ಕಾಲೇಜಿಗೆ ಹೋಗ್ತಾನೆ'. ಅದೇ ಬೀದಿಯ ಸಿಬಿಎಸ್‌ಇ ಹುಡುಗಿ, ಅದೇ ವಯಸ್ಸು, ಹನ್ನೊಂದನೇ ಕ್ಲಾಸು, ಇನ್ನೂ 'ಸ್ಕೂಲಿಗೆ ಹೋಗ್ತಾಳೆ'. ಈ ವ್ಯತ್ಯಾಸದಿಂದ ಹುಡುಗನ ಮೀಸೆಗೆ ಎಷ್ಟು ಬಲ ಬರುತ್ತದೆ ಅಂತ ಅವರ ಅಮ್ಮಂದಿರನ್ನು ಕೇಳಿ.

ನನಗೆ ಜಾಸ್ತಿ ಕುತೂಹಲ ಇರೋದು 'ಫೇಲ್' ಬಗ್ಗೆ. 'ಎಸ್ಸೆಸ್ಸೆಲ್ಸಿ ಪಾಸ್/ಫೇಲ್ ಆದವರು ಬೇಕಾಗಿದ್ದಾರೆ' ಅನ್ನೋ ಜಾಹೀರಾತು ನೋಡಿದ್ದೀರಲ್ವಾ? ಇಲ್ಲಿ ಫೇಲ್ ಕೂಡ ಒಂದು ಅರ್ಹತೆ. ಒಂಬತ್ತಕ್ಕೇ ಬಿಟ್ಟವನಿಗಿಂತ ಎಸ್ಸೆಸ್ಸೆಲ್ಸಿ ಫೇಲ್ ಒಂದು ಮೆಟ್ಟಿಲು ಮೇಲೆ, ಪರೀಕ್ಷೆಯ ಹಾಲ್‌ವರೆಗೂ ಹೋಗಿದ್ದಾನಲ್ಲ! ಆದರೆ ಅದೇ ಹೆಸರು ಮುಂದೆ ಬಿಡೋದೇ ಇಲ್ಲ. ನನ್ನ ಗೆಳೆಯನೊಬ್ಬ ಎರಡು ಲಾರಿ ಇಟ್ಟಿದ್ದಾನೆ, ಮೂವರಿಗೆ ಸಂಬಳ ಕೊಡುತ್ತಾನೆ. ಊರಿನವರ ಬಾಯಲ್ಲಿ ಈಗಲೂ 'ಅದೇ, ಟೆಂತ್ ಫೇಲು'. ಪಾಸಾದವರ ಅಂಕ ಯಾರಿಗೂ ನೆನಪಿರೋದಿಲ್ಲ. ಫೇಲಾದವನದು ಮಾತ್ರ ಎಲ್ಲರಿಗೂ ನೆನಪು.

ಪಾಸಾಗುತ್ತಾ ಹೋದರೆ 'ಪದವೀಧರ'. ಅಂದರೆ ಪದವಿ ಹೊತ್ತವನು. ಇಲ್ಲಿಗೆ ಬೇಡೋದು ಮುಗಿಯಿತು, ಇನ್ನು ಹೊರೋದು. ಈ ಪದಕ್ಕೆ ಒಂದು ಮತವೂ ಇದೆ. ನಮ್ಮ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ 7 ಪದವೀಧರರ ಕ್ಷೇತ್ರಗಳು. ಪದವಿ ಸಿಕ್ಕು 3 ವರ್ಷ ಆಗಿದ್ದವರಿಗೆ ಮಾತ್ರ ಅಲ್ಲಿ ಮತ. ಲಾರಿ ಇಟ್ಟ ನನ್ನ ಗೆಳೆಯನಿಗೆ ಇಲ್ಲ. ಇದು ನನಗೆ ಸರಿ ಕಾಣೋದಿಲ್ಲ, ಆ ಜಗಳ ಇವತ್ತು ಬೇಡ. ಈಚೆಗೆ ಈ ಪದಕ್ಕೆ ಬೆಲೆಯೂ ಬಂದಿದೆ. ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500. ಹಾಗೆ ಕೆಲಸ ಹುಡುಕುವವರಿಗೆ ಸರ್ಕಾರಿ ಕನ್ನಡದಲ್ಲಿ ಏನನ್ನುತ್ತಾರೆ? ಉದ್ಯೋಗಾರ್ಥಿ. ನೋಡಿ, ಮತ್ತೆ ಬಂತು ಅರ್ಥಿ. ವಿದ್ಯಾರ್ಥಿ ಇಪ್ಪತ್ತೊಂದು ವರ್ಷಕ್ಕೆ ಧರ ಆದ, ಮಾರನೇ ದಿನ ಮತ್ತೆ ಅರ್ಥಿ ಆದ.

ಕೊನೆಗೆ 'ಸ್ನಾತಕ'. ಮಿಂದವನು ಅಂತ ಅರ್ಥ. ಗುರುಕುಲದಲ್ಲಿ ಓದು ಮುಗಿಸಿ ಸ್ನಾನ ಮಾಡಿ ಮನೆಗೆ ಹೊರಟವನು. ಅದರ ಮುಂದಿನದು ಸ್ನಾತಕೋತ್ತರ. ಬೆಂಗಳೂರಿನಲ್ಲಿ ಅದನ್ನು 'ಪಿಜಿ' ಅಂದರೆ ಜನ ಬಾಡಿಗೆ ಎಷ್ಟು ಅಂತ ಕೇಳುತ್ತಾರೆ, ಅದು ಬೇರೆ ಮಾತು. ಆ ಹಳೆಯ ಸ್ನಾನ ಈಗಲೂ ಕೆಲವು ಮದುವೆಗಳಲ್ಲಿ ಉಳಿದಿದೆ. ಸಮಾವರ್ತನೆ ಅನ್ನುತ್ತಾರೆ. ಹುಡುಗ ಎಂ.ಎಸ್. ಮುಗಿಸಿ ಹತ್ತು ವರ್ಷ ಕೆಲಸ ಮಾಡಿರುತ್ತಾನೆ. ಶಾಸ್ತ್ರದ ಲೆಕ್ಕದಲ್ಲಿ ಅವನ ಓದು ಮುಗಿಯೋದು ಮದುವೆ ಮಂಟಪದಲ್ಲಿ, ಮುಹೂರ್ತಕ್ಕೆ ಸ್ವಲ್ಪ ಮುಂಚೆ. ಆಮೇಲೆ ಕೈಗೆ ಕೊಡೆ ಕೊಟ್ಟು ಕಾಶಿಗೆ ಹೊರಡಿಸುತ್ತಾರೆ. ಹುಡುಗಿಯ ಅಪ್ಪ ಹಿಂದೆಯೇ ಓಡಿಬಂದು, 'ಬೇಡಪ್ಪ, ನನ್ನ ಮಗಳನ್ನು ಕೊಡ್ತೀನಿ, ವಾಪಸ್ ಬಾ' ಅಂತ ಕರೆಯುತ್ತಾರೆ. ಇಲ್ಲಿ ಮಾತ್ರ ಬೇಡುವವರು ಅವರು.

ಪ್ರಶ್ನೆಗಳಿದ್ದರೆ ಕೇಳಿ. ಸಾರಿನ ವಾಸನೆ ಬರ್ತಾ ಇದೆ, ಬೇಗ ಕೇಳಿ.