ಸರಪಳಿಯ ತುದಿಯಲ್ಲೊಂದು ನಾಯಿ

ಎಲ್ಲರಿಗೂ ನಮಸ್ಕಾರ.

ನಮ್ಮ ರಸ್ತೆಯ ಕೊನೆಯ ಮನೆಯಲ್ಲಿ ಒಂದು ಕಂದು ಬಣ್ಣದ ನಾಯಿ ಇತ್ತು. ಗೋಡೆಗೆ ಬಡಿದ ಕಬ್ಬಿಣದ ಬಳೆಗೆ ಕಟ್ಟಿರುತ್ತಿದ್ದರು. ಎರಡು ವರ್ಷ ದಿನಾ ಅದರ ಮುಂದೆಯೇ ಓಡಾಡಿದ್ದೇನೆ. ಮೊದಲು ನನ್ನನ್ನು ಕಂಡರೆ ಕುಣಿದು ಕುಣಿದು ಬೊಗಳುತ್ತಿತ್ತು. ಆಮೇಲೆ ಒಂದು ದಿನ ಬೊಗಳುವುದನ್ನೇ ಬಿಟ್ಟಿತು. ‘ಪಾಪ, ಈಗ ಒಳ್ಳೇ ನಾಯಿ ಆಗಿದೆ’ ಅಂದುಕೊಂಡು ನಾನು ಸುಮ್ನೆ ಮುಂದೆ ಹೋದೆ. ಇವತ್ತು ನಾನು ಇಲ್ಲಿ ಮಾತಾಡುತ್ತಿರುವುದಕ್ಕೆ ಆ ಮೌನವೇ ಕಾರಣ. ಅದು ಸೋತು ಸುಮ್ಮನಾಗಿತ್ತು. ನನಗೆ ಅದು ತಿಳಿಯಲಿಲ್ಲ.

ಕಟ್ಟಿಹಾಕಿದ ನಾಯಿಯ ಸುತ್ತಲಿನ ನೆಲವನ್ನು ಒಮ್ಮೆ ನೋಡಿ. ಸರಪಳಿಯ ಉದ್ದಕ್ಕೆ ಸರಿಯಾಗಿ, ಗೆರೆ ಎಳೆದಂತೆ, ಒಂದು ಬೋಳು ಜಾಗ ಇರುತ್ತದೆ. ಹುಲ್ಲು ಸವೆದು ಮಣ್ಣು ಗಟ್ಟಿಯಾಗಿರುತ್ತದೆ. ಅದರ ಊಟ, ನಿದ್ದೆ, ಮಲ, ಮೂತ್ರ ಎಲ್ಲ ಅಷ್ಟರಲ್ಲೇ. ನಾಯಿ ತಾನು ಮಲಗುವ ಜಾಗವನ್ನು ಹೊಲಸು ಮಾಡಲು ಇಷ್ಟಪಡುವುದಿಲ್ಲ, ಸಾಕಿದವರಿಗೆಲ್ಲ ಗೊತ್ತು. ಬೇರೆ ದಾರಿಯೇ ಇಲ್ಲದಾಗ ಏನು ಮಾಡಬೇಕು ಹೇಳಿ?

ಇನ್ನು ನೀರು. ಬೆಳಿಗ್ಗೆ ಬೋಗುಣಿ ತುಂಬಾ ಇಟ್ಟಿರುತ್ತಾರೆ, ಸುಳ್ಳಲ್ಲ. ನಾಯಿ ಎರಡು ಸುತ್ತು ಹಾಕುವಷ್ಟರಲ್ಲಿ ಸರಪಳಿ ತಗುಲಿ ಬೋಗುಣಿ ಮಗುಚಿಕೊಳ್ಳುತ್ತದೆ. ಸಂಜೆಯವರೆಗೆ ಯಾರೂ ನೋಡುವುದಿಲ್ಲ. ನಾಯಿಗೆ ದಿನಕ್ಕೆ ಮೈತೂಕದ ಒಂದು ಕಿಲೋಗೆ ಸುಮಾರು 50ರಿಂದ 60 ಮಿಲಿಲೀಟರ್ ನೀರು ಬೇಕು. 20 ಕಿಲೋ ತೂಗುವ ನಾಯಿಗೆ ಒಂದು ಲೀಟರು, ಇಲ್ಲಾ ಅದಕ್ಕಿಂತ ಸ್ವಲ್ಪ ಜಾಸ್ತಿ. ಬಿಸಿಲಿದ್ದರೆ ಇನ್ನೂ ಹೆಚ್ಚು. ಯಾಕೆಂದರೆ ನಾಯಿ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಅಷ್ಟೇ. ಮೈ ತಂಪಾಗಬೇಕಾದರೆ ನಾಲಿಗೆ ಚಾಚಿ ತೇಕಬೇಕು. ಬಾಯಲ್ಲಿ, ಉಸಿರಿನ ದಾರಿಯಲ್ಲಿ ತೇವ ಇದ್ದರೆ ಮಾತ್ರ ತೇಕಿ ಪ್ರಯೋಜನ. ನೀರೇ ಇಲ್ಲದೆ ತೇಕುವ ನಾಯಿ ಬೇಗ ಸುಸ್ತಾಗುತ್ತದೆ. ಅದರ ಮೈ ಶಾಖ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 41 ದಾಟಿತೆಂದರೆ ಜೀವಕ್ಕೇ ಅಪಾಯ. ಕಾಲು ತಡವರಿಸುತ್ತಿದ್ದರೆ, ಜೊಲ್ಲು ಅಂಟಂಟಾಗಿ ಸುರಿಯುತ್ತಿದ್ದರೆ, ಒಸಡು ಕಡುಗೆಂಪಾಗಿದ್ದರೆ ತಡ ಮಾಡಬೇಡಿ. ನೆರಳಿಗೆ ತನ್ನಿ, ಮೈಮೇಲೆ ತಣ್ಣೀರು ಸುರಿಯಿರಿ, ಗಾಳಿ ಬೀಸಿ, ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ನೆರಳಿನ ವಿಷಯದಲ್ಲಿ ಒಂದು ಮಾತು. ಬೆಳಿಗ್ಗೆ ಕಟ್ಟುವಾಗ ನೆರಳಿರುತ್ತದೆ. ಮಧ್ಯಾಹ್ನ ಎರಡಕ್ಕೆ ಅದೇ ಜಾಗ ಕಾದ ಬಾಣಲೆ. ನೆರಳು ಸರಿಯುತ್ತದೆ, ನಾಯಿ ಸರಿಯುವ ಹಾಗಿಲ್ಲ. ಮನೆಯವರು ಆ ಹೊತ್ತಿಗೆ ಕೆಲಸಕ್ಕೆ ಹೋಗಿರುತ್ತಾರೆ. ಅದು ಕಾಣುವುದು ಪಕ್ಕದ ಮನೆಯ ನಮಗೇ. ಅದಕ್ಕೇ ನಾನು ನೆರೆಹೊರೆಯವರ ಬಗ್ಗೆ ಇಷ್ಟು ಒತ್ತಿ ಹೇಳುವುದು. ದಿನಾ ನೋಡುವವರಿಗೆ ನಿನ್ನೆಗೂ ಇವತ್ತಿಗೂ ಇರುವ ವ್ಯತ್ಯಾಸ ಗೊತ್ತಾಗುತ್ತದೆ. ದೂರದ ಅಧಿಕಾರಿಗೆ ಗೊತ್ತಾಗುವುದಿಲ್ಲ.

ಏನನ್ನು ನೋಡಬೇಕು? ಪಕ್ಕೆಲುಬು, ಸೊಂಟದ ಮೂಳೆ ದೂರದಿಂದಲೇ ಎದ್ದು ಕಾಣುತ್ತಿವೆಯಾ? ಉಗುರು ಬೆಳೆದು ಬಾಗಿದೆಯಾ? ಕಿವಿಯ ಅಂಚಿನಲ್ಲಿ ನೊಣ ಮುತ್ತುತ್ತಿವೆಯಾ? ಗಾಯಕ್ಕೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಆಗಬಹುದು. ‘ಭಾನುವಾರ ನೋಡೋಣ’ ಅನ್ನುವಂತಿಲ್ಲ.

ಎಲ್ಲಕ್ಕಿಂತ ಮೊದಲು ಕೊರಳು ನೋಡಿ. ಮರಿಯಾಗಿದ್ದಾಗ ಹಾಕಿದ ಬೆಲ್ಟು, ನಾಯಿ ಬೆಳೆದರೂ ಹಾಗೇ ಇರುತ್ತದೆ. ಕೊರಳು ದಪ್ಪಗಾಗುತ್ತದೆ, ಬೆಲ್ಟು ಬೆಳೆಯುವುದಿಲ್ಲ ಅಲ್ವಾ? ಮೆಲ್ಲಗೆ ಚರ್ಮ ಕೊರೆದು ಮಾಂಸದೊಳಗೆ ಇಳಿಯುತ್ತದೆ. ಮೇಲಿನ ಕೂದಲು ಮುಚ್ಚಿಕೊಂಡಿರುವುದರಿಂದ ಮನೆಯವರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ರಸ್ತೆಯ ಆ ಕಂದು ನಾಯಿಗೆ ಆಗಿದ್ದು ಇದೇ. ನನಗೆ ಮೊದಲು ಬಂದದ್ದು ವಾಸನೆ. ಕೊಳೆತ ವಾಸನೆ. ಆಮೇಲೆ ಪಶುವೈದ್ಯರು ಅರಿವಳಿಕೆ ಕೊಟ್ಟು ಬೆಲ್ಟು ಬಿಡಿಸಿದರು. ಕೊರಳಿನ ಸುತ್ತ ಬೆರಳು ಅಗಲದ ಗಾಯ. ಬೆಲ್ಟಿನ ಒಳಗೆ ಎರಡು ಬೆರಳು ಆರಾಮಾಗಿ ತೂರಬೇಕು. ಇಷ್ಟು ಸಣ್ಣ ಪರೀಕ್ಷೆ ತಿಂಗಳಿಗೊಮ್ಮೆ ಮಾಡಿದ್ದರೆ ಆ ನೋವು ತಪ್ಪುತ್ತಿತ್ತು.

‘ಕಟ್ಟಿದರೆ ತಾನೇ ಕಾವಲು ನಾಯಿ ಚುರುಕಾಗಿರುತ್ತದೆ’ ಎನ್ನುವವರಿದ್ದಾರೆ. ಹೆದರಿದ ನಾಯಿಗೆ ಇರುವುದು ಎರಡೇ ದಾರಿ, ಓಡುವುದು ಇಲ್ಲಾ ಎದುರಿಸುವುದು. ಸರಪಳಿ ಓಡುವ ದಾರಿ ಮುಚ್ಚುತ್ತದೆ. ಉಳಿಯುವುದು ಕಚ್ಚುವುದು. ಅಮೆರಿಕದ ಡೆನ್ವರ್‌ನಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ ನೋಡಿದ ಒಂದು ಅಧ್ಯಯನ 1994ರಲ್ಲಿ ಪ್ರಕಟವಾಯಿತು. ಅಂಗಳದಲ್ಲಿ ಕಟ್ಟಿಹಾಕುವ ಪದ್ಧತಿ ಇದ್ದ ನಾಯಿಗಳು ಕಚ್ಚಿದವುಗಳ ಗುಂಪಿನಲ್ಲಿ ಇರುವ ಸಾಧ್ಯತೆ ಸುಮಾರು 2.8 ಪಟ್ಟು ಜಾಸ್ತಿ ಎಂದು ಅದರಲ್ಲಿ ಕಂಡುಬಂತು. ಮಕ್ಕಳಿಗೆ ಇದನ್ನು ಹೇಳಿಕೊಡಿ. ಕಟ್ಟಿದ ನಾಯಿಯನ್ನು ಮುಟ್ಟಲು ಕೈ ಚಾಚಬಾರದು, ಆ ಬೋಳು ಜಾಗದೊಳಗೆ ಕಾಲಿಡಬಾರದು.

ಈಗ ಕಷ್ಟದ ಭಾಗ. ಮನೆಯವರ ಹತ್ತಿರ ಮಾತಾಡುವುದು. ಆ ಮನೆಯ ಅಜ್ಜಿಯ ಮೇಲೆ ನನಗೆ ತಿಂಗಳುಗಟ್ಟಲೆ ಸಿಟ್ಟಿತ್ತು. ಕಲ್ಲು ಮನಸ್ಸಿನವರು ಅಂದುಕೊಂಡಿದ್ದೆ. ಕೊನೆಗೆ ಒಂದು ದಿನ ಗೇಟಿನ ಹತ್ತಿರ ನಿಂತು, “ಅಜ್ಜಿ, ನಾಯಿ ಹೆಸರೇನು?” ಎಂದು ಕೇಳಿದೆ. ಅವರು ಹತ್ತಿರ ಬಂದು ಎಲ್ಲ ಹೇಳಿಕೊಂಡರು. ಮರಿ ತಂದದ್ದು ಮಗ. ಅವನು ಕೆಲಸಕ್ಕೆಂದು ದೂರ ಹೋದ. “ಅದು ಎಳೆದರೆ ನಾನು ಬಿದ್ದೇ ಹೋಗ್ತೀನಪ್ಪ. ಬಿಚ್ಚೋಕೆ ಭಯ,” ಎಂದರು. ಬೆಲ್ಟು ನೋಡಲು ಹತ್ತಿರ ಹೋಗುವ ಧೈರ್ಯವೂ ಅವರಿಗಿರಲಿಲ್ಲ. ನನ್ನ ಸಿಟ್ಟಿನಿಂದ ಆ ನಾಯಿಗೆ ಒಂದು ಹನಿ ನೀರೂ ಸಿಕ್ಕಿರಲಿಲ್ಲ.

ಹಾಗಾಗಿ ಮೊದಲ ಮಾತಿನಲ್ಲೇ ಬೈಯಬೇಡಿ. ನಾಯಿಯ ಬಗ್ಗೆ ಪ್ರೀತಿಯಿಂದ ಕೇಳಿ. “ನೀವು ಒಪ್ಪಿದರೆ ಸಂಜೆ ನಾನು ಸ್ವಲ್ಪ ತಿರುಗಾಡಿಸಿಕೊಂಡು ಬರ್ತೀನಿ” ಅನ್ನಿ. ಮಗುಚದಂಥ ಭಾರದ ಪಾತ್ರೆ ಕೊಡಿ, ಇಲ್ಲಾ ಹಳೇ ಟೈರಿನೊಳಗೆ ಬೋಗುಣಿ ಕೂರಿಸಿ. ನಾಯಿಯನ್ನು ಒಳಗೆ ಬಿಟ್ಟುಕೊಳ್ಳುವುದೋ ಅಂಗಳಕ್ಕೆ ಬೇಲಿ ಹಾಕುವುದೋ ಎಲ್ಲಕ್ಕಿಂತ ಒಳ್ಳೆಯದು. ಅದು ಆಗುವವರೆಗೆ, ಗಿರಕಿ, ಅಂದರೆ ತಿರುಗುವ ಕೊಂಡಿ, ಇರುವ ಹಗುರ ಸರಪಳಿ ಹಾಕಿಸಿ, ತಿರುಚಿಕೊಳ್ಳುವುದಿಲ್ಲ.

ರಾತ್ರಿ ಹೋಗಿ ಗುಟ್ಟಾಗಿ ಬಿಚ್ಚಿಬಿಡಬೇಡಿ. ರಸ್ತೆಯೇ ಗೊತ್ತಿಲ್ಲದ ನಾಯಿ ವಾಹನಕ್ಕೆ ಸಿಗುತ್ತದೆ. ಮುಂದಿನ ತಿಂಗಳು ಅದೇ ಬಳೆಗೆ ಇನ್ನೊಂದು ಮರಿ ಬರುತ್ತದೆ.

ಮಾತಿಗೆ ಬಗ್ಗದವರೂ ಇದ್ದಾರೆ. ಅವರಿಗೆ ಕಾನೂನು ಇದೆ. ಭಾರತದ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಸೆಕ್ಷನ್ನು, ಅತಿ ಚಿಕ್ಕ ಅಥವಾ ಅತಿ ಭಾರದ ಸರಪಳಿಯಲ್ಲಿ ಮಿತಿಮೀರಿದ ಹೊತ್ತು ಕಟ್ಟುವುದನ್ನೂ, ಸದಾ ಕಟ್ಟಿಟ್ಟ ನಾಯಿಯನ್ನು ತಿರುಗಾಡಿಸದಿರುವುದನ್ನೂ ಅಪರಾಧ ಎನ್ನುತ್ತದೆ. ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ಒಂದೇ ಕಡೆ ಕಟ್ಟಲು ಸಾಮಾನ್ಯವಾಗಿ ದಿನಕ್ಕೆ ಮೂರು ಗಂಟೆಯ ಮಿತಿ. ನೀವು ಎಲ್ಲೇ ಇರಿ, ನಿಮ್ಮ ಕಡೆಯ ನಿಯಮ ತಿಳಿದುಕೊಳ್ಳಿ. ರಸ್ತೆಯಲ್ಲೇ ನಿಂತು ದಿನಾಂಕದ ಸಮೇತ ಫೋಟೋ ತೆಗೆಯಿರಿ. ‘ಪಾಪದ ನಾಯಿ’ ಎಂಬ ದೂರಿಗಿಂತ ‘ಐದು ದಿನದಿಂದ ಮಧ್ಯಾಹ್ನ ನೀರಿಲ್ಲ, ಇಗೋ ಫೋಟೋ’ ಎಂಬ ದೂರಿಗೆ ತೂಕ ಜಾಸ್ತಿ.

ಗಾಯ ಮಾಗಿದ ಮೇಲೆ ಆ ನಾಯಿಯನ್ನು ಮೊದಲ ಸಲ ತಿರುಗಾಡಿಸಲು ಹೋದ ದಿನ ಹೇಳುತ್ತೇನೆ. ಸರಪಳಿ ಬಿಚ್ಚಿ, ಎದೆಗೆ ಪಟ್ಟಿ ಹಾಕಿ, ಉದ್ದ ಹಗ್ಗ ಹಿಡಿದುಕೊಂಡೆ. ಅದು ನಾಲ್ಕು ಹೆಜ್ಜೆ ಬಂತು. ಬೋಳು ಮಣ್ಣು ಮುಗಿದು ಹುಲ್ಲು ಶುರುವಾಗುವ ಕಡೆ ತಟ್ಟನೆ ನಿಂತಿತು. ಹಗ್ಗ ಸಡಿಲವಾಗಿಯೇ ಇತ್ತು. ಕೊರಳು ಜಗ್ಗುತ್ತದೆ ಎಂದು ಕಾದು, ತಲೆ ತಗ್ಗಿಸಿ ನನ್ನನ್ನೇ ನೋಡಿತು. ನಾನು ಹುಲ್ಲಿನ ಮೇಲೆ ಕೂತೆ. ಅಜ್ಜಿ ಗೇಟಿನಲ್ಲಿ ನಿಂತಿದ್ದರು. ತುಂಬಾ ಹೊತ್ತಾದ ಮೇಲೆ ಅದು ಒಂದು ಮುಂಗಾಲನ್ನು ಹುಲ್ಲಿನ ಮೇಲೆ ಇಟ್ಟಿತು. ತೆಗೆಯಿತು. ಮತ್ತೆ ಇಟ್ಟಿತು.