ಮಗಳಿಗೆ ಸ್ಟಡಿ ಬೈಬಲ್ ಹುಡುಕಿಕೊಂಡು ಹೋದ ಶನಿವಾರ

ಎಲ್ಲರಿಗೂ ನಮಸ್ಕಾರ. ಈಗ ನೀವು ನೋಡ್ತಿರೋದು ಎಂ.ಜಿ. ರೋಡ್ ಮೆಟ್ರೊ ಸ್ಟೇಷನ್ನಿನ ಮೆಟ್ಟಿಲು. ಕ್ಯಾಮೆರಾ ಅಲ್ಲಾಡ್ತಾ ಇದೆ, ಯಾಕಂದ್ರೆ ಫೋನ್ ಹಿಡಿದಿರೋದು ನಮ್ಮ ಪುಟ್ಟಿ. 12 ವರ್ಷ, ಏಳನೇ ಕ್ಲಾಸು. ಇವತ್ತು ಅವಳಿಗೊಂದು ಸ್ಟಡಿ ಬೈಬಲ್, ಅಂದರೆ ವಚನಗಳ ಜೊತೆಗೆ ವಿವರಣೆಯ ಟಿಪ್ಪಣಿಯೂ ಇರೋ ಬೈಬಲ್, ತೆಗೆದುಕೊಳ್ಳಬೇಕು. ಇದು ಎರಡನೇ ಸಲ. ಮೊದಲನೇ ಸಲ ನಾನೇ ಎಡವಿದ್ದೆ.

ಆ ಕಥೆ ಮೊದಲು ಹೇಳಿಬಿಡ್ತೀನಿ. ಕಳೆದ ಕ್ರಿಸ್ಮಸ್‌ಗೆ ಆನ್‌ಲೈನ್‌ನಲ್ಲಿ ಒಂದು ತರಿಸಿದ್ದೆ. ಗುಲಾಬಿ ಬಣ್ಣದ ರಟ್ಟು, ಮೇಲೆ ಮಿನುಗು, ಒಳಗೆ ಪುಟಕ್ಕೊಂದು ಬಣ್ಣದ ಬಾಕ್ಸು. ಫೋಟೋ ನೋಡಿ ಮರುಳಾಗಿಬಿಟ್ಟೆ. ಒಂದು ಭಾನುವಾರ ಸಂಡೇ ಸ್ಕೂಲ್ ಮುಗಿಸಿ ಬಂದವಳು ಚಪ್ಪಲಿ ಬಿಡುತ್ತಲೇ ಕೇಳಿದಳು, "ಅಮ್ಮಾ, ಬೈಬಲ್‌ನಲ್ಲಿ ಫುಟ್‌ಬಾಲ್ ಇದೆ, ಗೊತ್ತಾ?"

ಆಗಿದ್ದು ಇಷ್ಟು. ಮತ್ತಾಯ 25ನೇ ಅಧ್ಯಾಯ, ತಲಾಂತುಗಳ ಸಾಮ್ಯ, ಅಂದರೆ ಯೇಸು ಹೇಳಿದ ಒಂದು ನೀತಿಕಥೆ. ಓದೋ ಸರದಿ ಇವಳದು. ವಚನ ಮುಗಿದಿದೆ, ಕೆಳಗೆ ಅದೇ ಅಳತೆಯ ಅಕ್ಷರದಲ್ಲಿ ಟಿಪ್ಪಣಿ ಶುರುವಾಗಿದೆ, ಮಧ್ಯೆ ಒಂದು ಗೆರೆ ಕೂಡ ಇಲ್ಲ, ಇವಳು ಉಸಿರು ಬಿಡದೆ ಅದನ್ನೂ ಓದಿದ್ದಾಳೆ. ಹಾಡು, ಚಿತ್ರಕಲೆ, ಫುಟ್‌ಬಾಲ್, ದೇವರು ಕೊಟ್ಟ ಪ್ರತಿಭೆಯನ್ನು ಬಳಸಿರಿ ಅಂತೆಲ್ಲ. ಕ್ಲಾಸಿನಲ್ಲಿ ಎಲ್ಲರೂ ಆಮೆನ್ ಅಂದರಂತೆ!

ನಾವು ನಕ್ಕಿದ್ದೇ ನಕ್ಕಿದ್ದು. ಆದರೆ ರಾತ್ರಿ ಮಲಗಿದಾಗ ಅದೇ ತಲೆ ತಿನ್ನೋಕೆ ಶುರುವಾಯ್ತು. ಯಾರೋ ಬರೆದ ಟಿಪ್ಪಣಿಯನ್ನು ನನ್ನ ಮಗಳು ವಚನ ಅಂತ ನಂಬಿದ್ದಾಳೆ. ಅದೂ ಆ ಟಿಪ್ಪಣಿಯಲ್ಲಿ ಮುಖ್ಯವಾದ ಮಾತೇ ಇಲ್ಲ. ತಲಾಂತು ಅಂದರೆ ದುಡ್ಡು ಕಣ್ರೀ. ಎನ್.ಐ.ವಿ. ಅನ್ನೋ ಇಂಗ್ಲಿಷ್ ಅನುವಾದದ 2011ರ ಆವೃತ್ತಿಯಲ್ಲಿ ಅಲ್ಲಿ 'ಬ್ಯಾಗ್ಸ್ ಆಫ್ ಗೋಲ್ಡ್' ಅಂತಲೇ ಹಾಕಿದ್ದಾರೆ. ಅಡಿಟಿಪ್ಪಣಿಯಲ್ಲಿ, ಒಂದು ತಲಾಂತು ಅಂದರೆ ಕೂಲಿಯವನ ಸುಮಾರು 20 ವರ್ಷದ ಸಂಬಳ ಅಂತ ಇದೆ. ಐದು ತಲಾಂತು ಸಿಕ್ಕಿದವನಿಗೆ 100 ವರ್ಷದ ಸಂಬಳ! ಇಂಗ್ಲಿಷಿನ 'ಟ್ಯಾಲೆಂಟ್' ಪದಕ್ಕೆ ಪ್ರತಿಭೆ ಅನ್ನೋ ಅರ್ಥ ಬಂದಿದ್ದೇ ಈ ಸಾಮ್ಯದಿಂದ, ಆಮೇಲೆ. ನಮ್ಮ ಸಭೆಗಳಲ್ಲೂ ಅಷ್ಟೇ, ತಲಾಂತು ಸ್ಪರ್ಧೆ ಅಂದರೆ ಹಾಡು, ನಾಟಕ, ಬಾಯಿಪಾಠ. 20 ವರ್ಷದ ಸಂಬಳ ಯಾರ ತಲೆಗೂ ಬರಲ್ಲ, ಅಲ್ವಾ?

ಹಾಗಾಗಿ ಈ ಸಲ ನಾನು ರಟ್ಟು ನೋಡಿಲ್ಲ. ಪುಟದ ಕೆಳಗಡೆ ನೋಡಿದೆ.

ಇಲ್ಲಿ ಸ್ವಲ್ಪ ಹಳೇ ಕಥೆ ಬೇಕು. 1560ರಲ್ಲಿ ಜಿನೀವಾ ಬೈಬಲ್ ಅಂತ ಬಂತು. ವಚನಗಳಿಗೆ ನಂಬರ್ ಹಾಕಿದ ಮೊದಲ ಇಡೀ ಇಂಗ್ಲಿಷ್ ಬೈಬಲ್ ಅದು. ಅಂಚಿನ ತುಂಬಾ ಟಿಪ್ಪಣಿ. ಇವತ್ತಿನ ಸ್ಟಡಿ ಬೈಬಲ್‌ನ ಮುತ್ತಜ್ಜಿ ಅನ್ನಿ. ಇಂಗ್ಲೆಂಡಿನ ರಾಜ ಜೇಮ್ಸ್‌ಗೆ ಆ ಟಿಪ್ಪಣಿಗಳನ್ನು ಕಂಡರೆ ಆಗುತ್ತಿರಲಿಲ್ಲ. ವಿಮೋಚನಕಾಂಡದ ಒಂದನೇ ಅಧ್ಯಾಯದಲ್ಲಿ ಇಬ್ರಿಯರ ಗಂಡುಮಕ್ಕಳನ್ನು ಕೊಲ್ಲಿ ಅಂತ ಐಗುಪ್ತದ ರಾಜ ಫರೋಹ ಸೂಲಗಿತ್ತಿಯರಿಗೆ ಅಪ್ಪಣೆ ಮಾಡ್ತಾನೆ, ಅವರು ಕೊಲ್ಲಲ್ಲ, ನಾವು ಹೋಗೋ ಮೊದಲೇ ಇಬ್ರಿಯ ಹೆಂಗಸರಿಗೆ ಹೆರಿಗೆ ಆಗಿಬಿಡುತ್ತೆ ಅಂತ ಹೇಳ್ತಾರೆ. ಅವರು ರಾಜನ ಮಾತು ಮೀರಿದ್ದು ಸರಿ, ಸುಳ್ಳು ಹೇಳಿದ್ದು ಮಾತ್ರ ತಪ್ಪು ಅಂತ ಜಿನೀವಾದ ಟಿಪ್ಪಣಿ ಹೇಳುತ್ತೆ. ರಾಜನ ಮಾತು ಮೀರಬಹುದು ಅಂದರೆ ಯಾವ ರಾಜ ಸುಮ್ನೆ ಇರ್ತಾನೆ ಹೇಳಿ! 1604ರಲ್ಲಿ ಜೇಮ್ಸ್ ಈ ಟಿಪ್ಪಣಿಯನ್ನೇ ಎತ್ತಿ ಆಡಿದ. ಹೊಸ ಅನುವಾದಕ್ಕೆ ಅಂಚಿನ ಟಿಪ್ಪಣಿ ಬೇಡ, ಹೀಬ್ರೂ ಗ್ರೀಕ್ ಪದ ಬಿಡಿಸೋಕೆ ಬೇಕಾದಷ್ಟು ಸಾಕು ಅಂತ ನಿಯಮ ಆಯ್ತು. ಅದೇ 1611ರ ಕಿಂಗ್ ಜೇಮ್ಸ್ ಬೈಬಲ್.

ರಾಜನ ಪಕ್ಷ ನಾನು ವಹಿಸಲ್ಲ. ನನಗೆ ಟಿಪ್ಪಣಿ ಬೇಕು. ಆದರೆ ಈ ಸೂಲಗಿತ್ತಿಯರೇ ನನಗೆ ಅಂಗಡಿಯಲ್ಲಿ ಕೆಲಸಕ್ಕೆ ಬಂದರು. ಪುಟ್ಟಿ ಹಿಂದೊಮ್ಮೆ ಕೇಳಿದ್ದಳು, "ಅವರು ಫರೋಹನಿಗೆ ಸುಳ್ಳು ಹೇಳಿದರು, ದೇವರು ಅವರಿಗೆ ಒಳ್ಳೇದು ಮಾಡಿದ, ಹಾಗಾದ್ರೆ ಸುಳ್ಳು ಹೇಳಬಹುದಾ?" ನನ್ನ ಹತ್ತಿರ ಉತ್ತರ ಇರಲಿಲ್ಲ, ಊಟ ಮಾಡು ಅಂದಿದ್ದೆ.

ಈಗ ಈ ಶಾಟ್ ನೋಡಿ. ಟೇಬಲ್ ಮೇಲೆ ಮೂರು ಸ್ಟಡಿ ಬೈಬಲ್, ಮೂರರಲ್ಲೂ ವಿಮೋಚನಕಾಂಡ ಒಂದು. ಮೊದಲನೆಯದರಲ್ಲಿ ಆ ಫರೋಹ ಯಾರಿರಬಹುದು ಅನ್ನೋದರ ಮೇಲೆ ಉದ್ದಕ್ಕೆ ಇದೆ, ಸುಳ್ಳಿನ ಬಗ್ಗೆ ಒಂದಕ್ಷರ ಇಲ್ಲ. ಎರಡನೆಯದು ಪಂಡಿತರಿಗೆ. ಅರ್ಧ ಪುಟ ಟಿಪ್ಪಣಿ, ಇರುವೆ ಸಾಲಿನಂಥ ಅಕ್ಷರ, ಪುಟ್ಟಿ ಮೂರನೇ ಸಾಲಿಗೇ ಆಕಳಿಸಿದಳು. ವಿಡಿಯೊದಲ್ಲೂ ಸಿಕ್ಕಿದೆ ನೋಡಿ. ಮೂರನೆಯದು ಇಷ್ಟವಾಯ್ತು. ಅವರು ಸುಳ್ಳು ಹೇಳಿದರು ಅಂತ ಕೆಲವರು, ಇಲ್ಲ ಅದು ನಿಜವೇ ಇರಬಹುದು ಅಂತ ಇನ್ನು ಕೆಲವರು, ಆದರೆ ದೇವರು ಒಳ್ಳೇದು ಮಾಡಿದ್ದಕ್ಕೆ 21ನೇ ವಚನ ಕೊಡೋ ಕಾರಣ ಅವರಲ್ಲಿದ್ದ ದೇವರ ಭಯ, ಅಂತ ನಾಲ್ಕೇ ಸಾಲು. ಪ್ರಶ್ನೆ ಇದೆ ಅಂತ ಒಪ್ಪಿಕೊಳ್ಳುತ್ತೆ. ಆಮೇಲೆ ಮಗುವನ್ನು ವಾಪಸ್ ವಚನಕ್ಕೇ ಕಳಿಸುತ್ತೆ.

ಇನ್ನೊಂದು ಪರೀಕ್ಷೆಯನ್ನು ಪುಟ್ಟಿನೇ ಮಾಡಿದಳು. ಎರಡನೇ ಅರಸುಗಳು, ಎರಡನೇ ಅಧ್ಯಾಯದ ಕೊನೆ. ಹುಡುಗರು ಪ್ರವಾದಿ ಎಲೀಷನ ಬೋಳುತಲೆಯನ್ನು ಹಾಸ್ಯ ಮಾಡ್ತಾರೆ, ಅವನು ಶಪಿಸ್ತಾನೆ, ಕಾಡಿನಿಂದ ಎರಡು ಹೆಣ್ಣುಕರಡಿ ಬಂದು 42 ಮಂದಿಯನ್ನು ಸೀಳಿಹಾಕುತ್ತವೆ. ಗುಲಾಬಿ ಬೈಬಲ್‌ನಲ್ಲಿ ಆ ಪುಟಕ್ಕೆ ಟಿಪ್ಪಣಿಯೇ ಇರಲಿಲ್ಲ, ಬಾಕ್ಸಿನಲ್ಲಿ ಕರಡಿ ಚಿತ್ರ ಇತ್ತು. ನಗುವ ಕರಡಿ!

ಅನುವಾದದ ವಿಷಯಕ್ಕೆ ಬರ್ತೀನಿ, ಜಾಸ್ತಿ ಎಳೆಯಲ್ಲ. ನಾನು ಬೆಳೆದಿದ್ದು ಕಿಂಗ್ ಜೇಮ್ಸ್ ಓದಿಕೊಂಡು. ಮಾರ್ಕ 10ರಲ್ಲಿ 'ಸಫರ್ ದ ಲಿಟಲ್ ಚಿಲ್ಡ್ರನ್' ಅಂತ ಬರುತ್ತೆ. ಅಲ್ಲಿ ಸಫರ್ ಅಂದರೆ ಬಿಡಿ, ಬರಗೊಡಿಸಿ ಅಂತ. ಯೇಸು ಮಕ್ಕಳಿಗೆ ಯಾಕೆ ಕಷ್ಟ ಕೊಡ್ತಾನೆ ಅಂತ ನಾನು ಎಷ್ಟೋ ವರ್ಷ ಅಂದುಕೊಂಡಿದ್ದೆ. ಅದನ್ನು ಮಗಳಿಗೆ ದಾಟಿಸೋದು ಬೇಡ. ಎನ್.ಐ.ಆರ್.ವಿ. ಅಂತ ಮೂರನೇ ಕ್ಲಾಸಿನ ಮಕ್ಕಳ ಮಟ್ಟದ ಇಂಗ್ಲಿಷಿನಲ್ಲಿ ಒಂದಿದೆ, ಚಿಕ್ಕವರಿಗೆ ಚೆನ್ನಾಗಿದೆ, ಇವಳಿಗೆ ಎರಡು ವರ್ಷದಲ್ಲಿ ಸಾಲದೆ ಹೋಗುತ್ತೆ. 2001ರ ಇ.ಎಸ್.ವಿ. ಪದಕ್ಕೆ ಪದ ಅನ್ನೋ ಹಾಗೆ ಹೋಗುತ್ತೆ, ಸ್ವಲ್ಪ ಬಿಗಿ. ಸಂಡೇ ಸ್ಕೂಲಿನ ಬಾಯಿಪಾಠ ವಚನ ಎಲ್ಲ ಎನ್.ಐ.ವಿ.ಯದು, ಹಾಗಾಗಿ ಅದಕ್ಕೇ ನಿಂತೆ. ಸಭೆಯಲ್ಲಿ ಒಂದು, ಮನೆಯಲ್ಲಿ ಇನ್ನೊಂದು ಅಂದರೆ ಮಕ್ಕಳಿಗೆ ತಲೆಕೆಡುತ್ತೆ. ಕ್ಯಾಥೊಲಿಕ್ ಗೆಳತಿಯರಿಗೊಂದು ಮಾತು: ಹೆಚ್ಚಿನ ಸ್ಟಡಿ ಬೈಬಲ್‌ಗಳಲ್ಲಿ 66 ಪುಸ್ತಕ ಅಷ್ಟೇ ಇರುತ್ತೆ. ನಿಮಗೆ 73 ಬೇಕು. ಬಿಲ್ ಮಾಡಿಸೋ ಮೊದಲು ಪರಿವಿಡಿ ನೋಡಿ.

ಕನ್ನಡದ್ದೇ ಯಾಕಲ್ಲ ಅಂತ ಕೇಳ್ತೀರಿ, ಗೊತ್ತು. ಪುಟ್ಟಿ ಕನ್ನಡ ಓದೋದು ಕೂಡಿಸಿ ಕೂಡಿಸಿ. ನಮ್ಮ ಅತ್ತೆ ಓದೋದು ಬರೀ ಕನ್ನಡ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರು ಬಳ್ಳಾರಿಯಲ್ಲಿ ಕೂತು ಕೆಲಸ ಮಾಡಿ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡಕ್ಕೆ ಬಂತು. ಅತ್ತೆಯ ಸತ್ಯವೇದ ಅದಕ್ಕಿಂತ ಎಷ್ಟೋ ಈಚಿನದು, ಆದರೂ ಮಾತಿನ ಗತ್ತು ಹಳೇದು. 23ನೇ ಕೀರ್ತನೆಯಲ್ಲಿ 'ಕೊರತೆಪಡೆನು' ಅಂತ ಅವರು ಓದೋದು ಕೇಳಬೇಕು ನೀವು. ಆ ಒಂದು ಪದಕ್ಕೆ ಇಂಗ್ಲಿಷಿನಲ್ಲಿ ಸಮ ಇಲ್ಲ, ನನ್ನ ಪ್ರಕಾರ. ಸಂಜೆ ಪ್ರಾರ್ಥನೆಗೆ ಇಬ್ಬರೂ ಅಕ್ಕಪಕ್ಕ ಕೂರ್ತಾರೆ, ಅಜ್ಜಿ ಕನ್ನಡದಲ್ಲಿ, ಮೊಮ್ಮಗಳು ಇಂಗ್ಲಿಷಿನಲ್ಲಿ, ವಚನದ ನಂಬರ್ ಹಿಡಿದುಕೊಂಡು.

ಕಾಗದ ಮರೀಬೇಡಿ. ಈ ಪುಸ್ತಕಗಳ ಹಾಳೆ ಈರುಳ್ಳಿ ಸಿಪ್ಪೆಯಷ್ಟು ತೆಳು. ಜೆಲ್ ಪೆನ್ನಿನಲ್ಲಿ ಗೀಚಿದರೆ ಹಿಂದಿನ ಪುಟಕ್ಕೆ ಇಳಿಯುತ್ತೆ. ಪೆನ್ಸಿಲ್ ಇಲ್ಲವೇ ಬಾಲ್ ಪೆನ್ ಕೊಡಿ. ತೂಕವನ್ನೂ ಮಗುವಿನ ಕೈಯಲ್ಲೇ ಕೊಟ್ಟು ನೋಡಿ, ಸಂಡೇ ಸ್ಕೂಲ್ ಬ್ಯಾಗ್ ಹೊರೋದು ನೀವಲ್ಲ.

ಕೊನೆಗೆ ತೆಗೆದುಕೊಂಡಿದ್ದು ಆ ಮೂರನೆಯದು. ಬೂದು ಬಣ್ಣದ ರಟ್ಟು, ಮಿನುಗು ಗಿನುಗು ಏನೂ ಇಲ್ಲ, ಪುಟ್ಟಿ ಮುಖ ಸ್ವಲ್ಪ ಸಪ್ಪಗಾಯ್ತು. ಆದರೆ ವಚನಕ್ಕೂ ಟಿಪ್ಪಣಿಗೂ ಮಧ್ಯೆ ಅಡ್ಡಕ್ಕೆ ಒಂದು ಕಪ್ಪು ಗೆರೆ ಇದೆ, ಕೆಳಗಿನ ಅಕ್ಷರ ಬೇರೆ ಥರ.

ಈ ಕೊನೇ ಕ್ಲಿಪ್ ಅದೇ ರಾತ್ರಿದು, ಲೈಟ್ ಸರಿಯಿಲ್ಲ, ಕ್ಷಮಿಸಿ. ಪುಟ್ಟಿ ಸೂಲಗಿತ್ತಿಯರ ಕಥೆ ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳ್ತಾ ಇದ್ದಾಳೆ. ಅತ್ತೆ ಕನ್ನಡಕ ಮೇಲೇರಿಸಿ ಕೇಳಿದರು, "ಇದು ಗೆರೆ ಮೇಲಿಂದೋ, ಕೆಳಗಿಂದೋ?"

"ಕೆಳಗಿಂದು, ಅಜ್ಜಿ."

"ಹಾಗಾದ್ರೆ ಮೇಲಿಂದು ಇನ್ನೊಂದು ಸಲ ಓದು."